ಚಾಣದ ಕಂಬಕ್ಕೆ ಕುದುರೆ ಕಟ್ಟಬೇಡಿ

ಹಿಮ ಕರಗಿತು, ಹುಲ್ಲು ಏಳಲಿಲ್ಲ. ಕುರಿಗಾಹಿ ದಾಂಬಾ ವಸಂತದಲ್ಲಿ ಬೀಡುಬಿಡುವ ಜಾಗದ ಸುತ್ತ ಎಲ್ಲಿ ಕಾಲಿಟ್ಟರೂ ಇಲಿಬಿಲ. ಬಯಲಿಲಿಗಳು ಬೇರನ್ನೂ ಬಿಡದೆ ತಿಂದಿದ್ದವು. ಕುರಿಗಳು ಬರೀ ಮಣ್ಣು ಮೂಸಿ ಮುಂದೆ ಹೋಗುತ್ತಿದ್ದವು. ದಾಂಬಾನ ಅಪ್ಪ ಕಟ್ಟಿದ ಕಲ್ಲಿನ ದೊಡ್ಡಿ ಇರುವುದೂ ಅಲ್ಲೇ. ಇನ್ನೆರಡು ವರ್ಷ ಹೀಗೇ ಆದರೆ ಅದನ್ನೆಲ್ಲ ಬಿಟ್ಟು, ಬೇರೆಯವರ ಹುಲ್ಲು ಬೇಡಿಕೊಂಡು ದೂರ ಹೋಗಬೇಕಿತ್ತು.

"ಮತ್ತೆ ವಿಷದ ಕಾಳು ಚೆಲ್ಲೋಣ," ಎಂದ ದಾಂಬಾ.

"ಹೋದ ವರ್ಷ ಚೆಲ್ಲಿದ್ರಲ್ಲ, ಏನಾಯ್ತು?" ಎಂದಳು ಹೆಂಡತಿ ಸೆವ್‌ಜಿದ್. "ಇಲಿ ವಾಪಸ್ ಬಂತು. ನಮ್ಮ ನಾಯಿ ಬರ್ಲಿಲ್ಲ."

ಮಧ್ಯಾಹ್ನ ಸೆವ್‌ಜಿದ್‌ಳ ತಂಗಿ ನ್ಯಾಮಾ ಬಂದಳು. ಅವಳು ಸುತ್ತಲಿನ ಬೀಡುಗಳಿಗೆಲ್ಲ ಪಶುವೈದ್ಯೆ. ಅವಳ ಜೀಪಿನಲ್ಲಿ ಒಂದು ಕಬ್ಬಿಣದ ಕಂಬ, ಪಕ್ಕ ಕೊಯ್ದು ಬಾಗಿಲು ಮಾಡಿದ ಹಳೇ ಪೀಪಾಯಿ ಇದ್ದವು.

"ಏನಮ್ಮಾ, ಗುಡಾರದ ಹೊಗೆಕೊಳವೆ ಮಾರೋಕೆ ಶುರು ಮಾಡಿದ್ಯಾ?"

"ಚಾಣಕ್ಕೆ ಮನೆ, ಭಾವ. ಇಲಿ ಹಿಡಿಯೋ ಗಿಡುಗಕ್ಕೆ."

"ಯಾಕೆ, ಅದಕ್ಕೆ ಗೂಡು ಕಟ್ಟೋಕೆ ಬರಲ್ವಾ?"

"ಬರಲ್ಲ. ಬಂಡೆ ಮೇಲೋ ಮರದ ಮೇಲೋ ಬೇರೆ ಹಕ್ಕಿ ಬಿಟ್ಟುಹೋದ ಗೂಡು ಹುಡುಕುತ್ತೆ. ಈ ಬಯಲಲ್ಲಿ ಬಂಡೆ ಎಲ್ಲಿದೆ, ಮರ ಎಲ್ಲಿದೆ? ಅದಕ್ಕೆ ಇಲ್ಲಿ ಊಟ ಇದೆ, ಮನೆ ಇಲ್ಲ. ಮರಿ ಮಾಡಿದ್ರೆ ಬೆಳಗಿಂದ ಸಂಜೆವರೆಗೂ ಇಲಿ ಹಿಡಿದು ತರ್ತಾನೇ ಇರುತ್ತೆ."

"ನನ್ನ ಕುರಿಮರೀನೂ ಹಿಡಿದ್ರೆ?"

"ಆ ಹಕ್ಕಿ ತೂಗೋದೇ ಒಂದು ಕೆಜಿ. ನಿಮ್ಮ ಕುರಿಮರಿ ಹೊತ್ಕೊಂಡು ಹಾರಿದ್ರೆ, ಹಿಡಿದು ತಂದು ನಿಮ್ಮ ಗಾಡಿಗೇ ಕಟ್ತೀನಿ. ಎತ್ತಿನ ಖರ್ಚು ಉಳಿಯುತ್ತೆ."

ಸೆವ್‌ಜಿದ್ ಚಹಾ ಸೋಸುತ್ತಲೇ ನಕ್ಕಳು.

"ಒಂದು ಮಾತು, ಭಾವ. ಹಕ್ಕಿ ಬಂದ ತಕ್ಷಣ ಇಲಿಯೆಲ್ಲ ಮಾಯ ಆಗಲ್ಲ. ಹುಲ್ಲು ಗಿಡ್ಡ ಆದಷ್ಟೂ ಇಲಿಗೆ ಹಬ್ಬ. ಒಂದು ಇಳಿಜಾರನ್ನ ಮೇಯಿಸದೆ ಬಿಡಿ. ವಿಷ ಮಾತ್ರ ಬೇಡ. ವಿಷ ತಿಂದ ಇಲೀನ ತಿಂದು ಚಾಣಾನೂ ಸಾಯುತ್ತೆ."

ದಾಂಬಾ ಪೂರ್ತಿ ಒಪ್ಪಲಿಲ್ಲ. ಆದರೂ ಗುಂಡಿ ತೋಡಿದ. ಬೀಡಿನಿಂದ ಸಾಕಷ್ಟು ದೂರದಲ್ಲಿ ಮೂರು ಮೀಟರ್ ಎತ್ತರದ ಕಂಬ ನಿಂತಿತು. ಅದರ ತುದಿಗೆ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಪೀಪಾಯಿ ಕೂರಿಸಿದರು, ಒಳಗೆ ಸಣ್ಣ ಜಲ್ಲಿ ಹಾಸಿದರು. ಎರಡು ವಾರಕ್ಕೆ ಜೋಡಿ ಚಾಣ ಬಂತು.

ಅಲ್ಲಿಂದ ದಾಂಬಾನಿಗೆ ಮನೆಯಲ್ಲಿ ಕಾಲು ನಿಲ್ಲದು. ದಿನಾ ಹೋಗುವುದು, ಕಂಬಕ್ಕೆ ಕುದುರೆ ಕಟ್ಟುವುದು, ಕೆಳಗೆ ಕುಳಿತು ಮೇಲೆ ನೋಡುವುದು. ದಾರಿಹೋಕರೂ ಅವನನ್ನು ಕಂಡು ಇಳಿದು, ತಮ್ಮ ಕುದುರೆಯನ್ನೂ ಅಲ್ಲೇ ಕಟ್ಟಿ, ವಾಡಿಕೆಯಂತೆ ಒಬ್ಬರಿಗೊಬ್ಬರು ನಶ್ಯದ ಡಬ್ಬಿ ಕೊಟ್ಟುಕೊಂಡು ಮಾತಿಗೆ ಕೂರುತ್ತಿದ್ದರು.

ನ್ಯಾಮಾ ಮತ್ತೆ ಬಂದಾಗ ಏಣಿ ಹತ್ತಿ ನೋಡಿದಳು. ನಾಲ್ಕು ಮೊಟ್ಟೆ ಇದ್ದವು, ಕಲ್ಲಿನಷ್ಟು ತಣ್ಣಗೆ. ಹಕ್ಕಿ ಇರಲಿಲ್ಲ.

"ಭಾವ, ಕುದುರೆ ಕಟ್ಟೋಕೆ ನಿಮಗೆ ಬೇರೆ ಕಂಬ ಸಿಗ್ಲಿಲ್ವಾ?"

"ಈ ಬಯಲಲ್ಲಿ ಇನ್ನೊಂದು ಕಂಬ ತೋರ್ಸು ನೋಡೋಣ."

ಹಾಗೆಂದವನು ತಾನೇ ಪೀಪಾಯಿಯತ್ತ ತಲೆ ಎತ್ತಿದ. "ನಾವು ಕೆಳಗೆ ಕೂತ್ರೆ ಅದು ಮೇಲೆ ಕೂರಲ್ವಾ?"

"ಹೆದರಿ ಏಳುತ್ತೆ. ನೀವು ನಶ್ಯ ಏರಿಸಿ, ಸುದ್ದಿ ಮುಗಿಸಿ ಹೋಗೋ ಹೊತ್ತಿಗೆ ಮೊಟ್ಟೆ ಆರಿರುತ್ತೆ."

ಮರುದಿನ ದಾಂಬಾ ಹಾರೆ ಹಿಡಿದ. ಚಾಣದ ಕಂಬದಿಂದ ಒಂದು ಕಿಲೋಮೀಟರ್ ಆಚೆ, ದಾರಿಯ ಪಕ್ಕ ಎರಡು ಮರದ ಕಂಬ ನೆಟ್ಟು ನಡುವೆ ಹಗ್ಗ ಬಿಗಿದ. ಬಂದವರಿಗೆಲ್ಲ ಒಂದೇ ಮಾತು: "ಕುದುರೆ ಇಲ್ಲಿ ಕಟ್ಟು. ಸುದ್ದಿ ಇಲ್ಲೇ ಹೇಳು." ಇಳಿಜಾರನ್ನು ಮೇಯಿಸಲಿಲ್ಲ. ವಿಷ ಮುಟ್ಟಲಿಲ್ಲ. ಆ ವರ್ಷ ಕುರಿ ಬಡಕಲಾದವು, ಅವನು ಜಗ್ಗಲಿಲ್ಲ.

"ಇಲಿ ಸಾಕ್ತಿದ್ದೀಯಂತೆ?" ಎಂದು ಒಬ್ಬ ಕೆಣಕಿದ.

"ಹೂಂ, ಚಾಣಕ್ಕೆ," ಎಂದ ದಾಂಬಾ.

ಮುಂದಿನ ವಸಂತದಲ್ಲಿ ಜೋಡಿ ಮತ್ತೆ ಬಂತು. ಬೇಸಿಗೆಯ ಹೊತ್ತಿಗೆ ಪೀಪಾಯಿಯ ಬಾಗಿಲಲ್ಲಿ ಮೂರು ಮರಿಗಳ ತಲೆ ಕಂಡವು. ಅವು ಹಾರಿಹೋದ ಮೇಲೆ ದಾಂಬಾ ಕಂಬದ ಬುಡಕ್ಕೆ ಹೋಗಿ ಕೂತು, ಹಕ್ಕಿಗಳು ಉಗುಳಿದ ಉಂಡೆಗಳನ್ನು ಕೆದಕಿದ. ಬರೀ ಇಲಿಯ ಎಲುಬು, ಇಲಿಯ ಕೂದಲು. ಕುರಿಮರಿಯ ಉಣ್ಣೆಯ ಒಂದು ಎಳೆಯೂ ಇರಲಿಲ್ಲ. ಬಿಟ್ಟ ಇಳಿಜಾರಿನಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು.

"ಈ ವರ್ಷ ಬೀಡು ಕೀಳೋದಿಲ್ಲ," ಎಂದ ಹೆಂಡತಿಗೆ. "ನಿನ್ನ ತಂಗೀನ ಕೇಳು, ಇನ್ನೊಂದು ಪೀಪಾಯಿ ಇದೆಯಾ ಅಂತ."

ನಿಮ್ಮ ಹುಲ್ಲುಗಾವಲಿನಲ್ಲೂ ಇಲಿ ಇದ್ದರೆ ವಿಷದ ಚೀಲ ಬಿಚ್ಚುವ ಮೊದಲು ನಿಮ್ಮ ಪಶುವೈದ್ಯರನ್ನು ಕೇಳಿ. ಒಂದು ಕಂಬ ನೆಡಿ, ಹುಲ್ಲಿಗೆ ಒಂದು ವರ್ಷ ಬಿಡುವು ಕೊಡಿ. ಹಕ್ಕಿ ಕಾವಿಗೆ ಕೂತಾಗ ಕಂಬದಿಂದ ದೂರ ಸುತ್ತಿಕೊಂಡು ಹೋಗಿ. ನಮ್ಮ ಬಯಲಿನಲ್ಲಿ ಜಾಗಕ್ಕೇನೂ ಬರವಿಲ್ಲ.