ಪೆಟ್ಟಿಗೆಯ ಹೊದಿಕೆ

ನಿಲ್ಲಿಸಿಬಿಡಲೇ? ಕಿತ್ತಿರುವುದು ಇನ್ನೂ ಒಂದೇ ಬದಿ. ಅದನ್ನೇ ಹೇಗೋ ಮತ್ತೆ ಅಂಟಿಸಿ, "ಆಗಲ್ಲ ಕಣಣ್ಣ, ಒಳಗೆ ಮರವೇ ಹೋಗಿದೆ" ಅಂದುಬಿಟ್ಟರೆ ಯಾರು ಬಂದು ನೋಡುತ್ತಾರೆ? ಅದು ಪೂರ್ತಿ ಸುಳ್ಳೂ ಅಲ್ಲ. ಕೆಳಗಿನ ಮೂಲೆಯಲ್ಲಿ ಮರ ನೀರು ಕುಡಿದು ಉಬ್ಬಿದೆ. ಆದರೆ ಅಣ್ಣ ಅಷ್ಟಕ್ಕೆ ಬಿಡುವವನಲ್ಲ. ಬೇರೆ ಯಾರ ಹತ್ತಿರವಾದರೂ ಹೊರಿಸಿಕೊಂಡು ಹೋಗುತ್ತಾನೆ. ಹಾಗಿದ್ದರೆ ನಾನೇ ಮಾಡುವುದು ಮೇಲಲ್ಲವೇ? ಮೇಲು ಅಂದರೆ ಯಾರಿಗೆ ಮೇಲು?

ಅವನು ಬಿಸಿಗಾಳಿಯ ಯಂತ್ರವನ್ನು ಆರಿಸಿ ನೆಲದ ಮೇಲೆ ಕೂತ. ಎದುರಿಗೆ ಅಣ್ಣನ ಗಿಟಾರ್ ಸ್ಪೀಕರಿನ ಪೆಟ್ಟಿಗೆ ಮಗುಚಿ ಬಿದ್ದಿತ್ತು. ಮೈಮೇಲಿನ ಕಪ್ಪು ರೆಕ್ಸಿನ್ ಒಂದು ಕಡೆ ಬಾಳೆಹಣ್ಣಿನ ಸಿಪ್ಪೆಯಂತೆ ಕೆಳಗೆ ಜೋತಿತ್ತು. ನೆತ್ತಿಯ ಮೇಲೆ ಲೋಟ ಇಟ್ಟ ಗುರುತುಗಳು, ಸಿಗರೇಟಿನಿಂದ ಸುಟ್ಟ ಕಲೆಗಳು. ಅಣ್ಣ ಸಿಗರೇಟು ಬಿಟ್ಟು ಯಾವ ಕಾಲವಾಯಿತೋ, ಪೆಟ್ಟಿಗೆ ಮಾತ್ರ ಎಲ್ಲವನ್ನೂ ಇಟ್ಟುಕೊಂಡಿತ್ತು. ಸುತ್ತ ತಮ್ಮನ ಅಂಗಡಿ: ಹೊದಿಕೆ ಕಳಚಿದ ಕಾರಿನ ಸೀಟುಗಳು, ಸ್ಪಂಜಿನ ಹಲಗೆಗಳು, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಸೀಟಿನವನು ಅಂತಲೇ.

ಹಿಂದಿನ ದಿನ ಅತ್ತಿಗೆ ಅಂಗಡಿಯ ತನಕ ಬಂದಿದ್ದಳು. ಒಳಗೆ ಕೂರಿ ಅಂದರೂ ಕೂರಲಿಲ್ಲ.

"ನೀನೇ ಆಗಲ್ಲ ಅಂದುಬಿಡಪ್ಪ. ನಿಮ್ಮಣ್ಣ ನನ್ನ ಮಾತಂತೂ ಕಿವಿಗೆ ಹಾಕ್ಕೊಳ್ಳಲ್ಲ" ಎಂದವಳು, ತಾನು ಆಡಿದ್ದು ತನಗೇ ತಟ್ಟಿದಂತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಒಂದು ಕಿವಿ ಹೋಯ್ತು. ಇನ್ನೊಂದರಲ್ಲಿ ಅರ್ಧ ಇದೆ. ಆ ಡಬ್ಬದ ಮುಂದೆ ಕೂತು ಹೀಗೇ ಬಾರಿಸ್ತಿದ್ರೆ ಅದೂ ಹೋಗುತ್ತೆ ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದ್ದಾರೆ. ಕೇಳಿಸಲ್ಲ ಅಂತ ಜೋರು ಮಾಡ್ತಾರೆ, ಜೋರು ಮಾಡಿದ್ದಕ್ಕೆ ಇನ್ನಷ್ಟು ಕೇಳಿಸಲ್ಲ. ಹೀಗೇ ಆದ್ರೆ ನಾಳೆ ನಾನು ಯಾರ ಹತ್ರ ಮಾತಾಡಲಿ?"

ನೋಡೋಣ ಅತ್ತಿಗೆ, ಎಂದಿದ್ದ. ಆ 'ನೋಡೋಣ' ಎಂಬುದು ಅವನು ಎಲ್ಲ ಗಿರಾಕಿಗಳಿಗೂ ಹೇಳುವ ಮಾತು.

ಈಗ ನೋಡುತ್ತ ಕೂತರೆ ಕೈ ಸುಮ್ಮನಿರಲಿಲ್ಲ. ಕಿತ್ತದ್ದನ್ನು ಹಾಗೇ ಬಿಡುವುದು ಆ ಕೈಗಳಿಗೆ ಗೊತ್ತಿರಲಿಲ್ಲ. ಮತ್ತೆ ಯಂತ್ರ ಹಚ್ಚಿದ. ಬಿಸಿ ತಾಗಿದ ಕಡೆ ರೆಕ್ಸಿನ್ ಮೆತ್ತಗಾಗಿ, ಎಳೆದರೆ ನಿಧಾನವಾಗಿ ಬರುತ್ತಿತ್ತು. ಅವಸರ ಮಾಡಿದರೆ ಮರದ ಒಂದು ಪದರವನ್ನೂ ಕಿತ್ತುಕೊಂಡು ಬರುತ್ತಿತ್ತು. ಹಳೆಯ ಅಂಟನ್ನು ಉಳಿಯಿಂದ ಹೆರೆದ. ಚಕ್ಕೆ ಎದ್ದ ಕಡೆ ಅಂಟು ಕಲಸಿದ ಮರದ ಪುಡಿ ಮೆತ್ತಿ, ಒಣಗಿದ ಮೇಲೆ ಉಜ್ಜಿದ. ಬತ್ತಲೆಯಾದ ಪೆಟ್ಟಿಗೆ ನೋಡಲು ಬಡವಾಗಿತ್ತು. ಇಷ್ಟು ವರ್ಷ ಮದುವೆ ಮನೆಗಳನ್ನೂ ಹೋಟೆಲಿನ ಸಭಾಂಗಣಗಳನ್ನೂ ನಡುಗಿಸಿದ್ದು ಈ ನಾಲ್ಕು ಹಲಗೆಗಳೇ ಎಂದರೆ ನಂಬಲಾಗುತ್ತಿರಲಿಲ್ಲ.

ಸಂಜೆ ಅಣ್ಣ ಬಂದ. ಬಾಗಿಲಲ್ಲೇ ನಿಂತು, ಮಾತು ಕೇಳುವ ಕಿವಿಯನ್ನು ಮುಂದೆ ಮಾಡಿ ನೋಡಿದ.

"ಏನೋ, ಬಟ್ಟೆ ಬಿಚ್ಚಿ ನಿಲ್ಲಿಸಿದ್ದೀಯಲ್ಲೋ ನಮ್ಮ ಹುಡುಗನ್ನ!"

"ಒಳಗೆ ಸ್ವಲ್ಪ ಉಬ್ಬಿದೆ ಅಣ್ಣ."

"ಆಂ?"

"ಉಬ್ಬಿದೆ ಅಂದೆ! ಮರ!"

"ಉಬ್ಬಲಿ ಬಿಡೋ. ನಂಗೂ ಹೊಟ್ಟೆ ಉಬ್ಬಿದೆ, ನಾನೇನು ಬಾರಿಸೋದು ಬಿಟ್ಟಿದ್ದೀನಾ?" ಅಣ್ಣ ಸ್ಪಂಜಿನ ರಾಶಿಯ ಮೇಲೆ ಕೂತ. ಬರುವ ಭಾನುವಾರ ಹಳೆಯ ತಂಡದವರೆಲ್ಲ ಸೇರುತ್ತಿದ್ದರು. ಡ್ರಮ್ ಬಾರಿಸುತ್ತಿದ್ದವನ ಮಗಳ ಮದುವೆ. "ನಾಲ್ಕು ಜನರ ಮುಂದೆ ಹರಕು ಪೆಟ್ಟಿಗೆ ಇಟ್ಕೊಂಡು ಕೂರೋಕಾಗುತ್ತಾ? ಮರ್ಯಾದೆ ಪ್ರಶ್ನೆ."

"ಡಾಕ್ಟರು ಬೇಡ ಅಂದಿದ್ದಾರಂತಲ್ಲ."

ಇದು ಅಣ್ಣನಿಗೆ ಸರಿಯಾಗಿಯೇ ಕೇಳಿಸಿತು. "ಓ, ನಿಮ್ಮತ್ತಿಗೆ ಇಲ್ಲಿಗೂ ಬಂದಿದ್ಲಾ?" ಎಂದು ನಕ್ಕ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರಲ್ಲ, ಈಗ ಕೋಣಾನೇ ಕಿನ್ನರಿ ಬಾರಿಸ್ತಾ ಇದೆ ಅಂತಿದ್ಲು ಮೊನ್ನೆ." ನಗು ನಿಂತ ಮೇಲೆ ತಲೆ ತಗ್ಗಿಸಿದ. "ಜನ ಮಾತಾಡಿದ್ದು ಅರ್ಧ ಹೋಗುತ್ತೆ ಕಣೋ. ಹೋಗಲಿ, ಏನು ಮಹಾ ಆಡ್ತಾರೆ. ಆದ್ರೆ ಇದರ ಸ್ವರ ಮಾತ್ರ ಇನ್ನೂ ಪೂರ್ತಿ ಬರುತ್ತೆ. ಅದು ಪೂರ್ತಿ ಬರೋ ತನಕ ಬಾರಿಸ್ತೀನಿ. ಬರಲಿಲ್ಲ ಅನ್ನು, ಅವತ್ತೇ ಕೆಳಗಿಡ್ತೀನಿ. ಯಾರೂ ಹೇಳಬೇಕಾಗಿಲ್ಲ."

ಹೊಸ ರೆಕ್ಸಿನ್ ಹಾಕಲು ಮರುದಿನವಿಡೀ ಹಿಡಿಯಿತು. ಅಂಟನ್ನು ಮರಕ್ಕೂ ಬಟ್ಟೆಗೂ ಬಳಿದು, ಬೆರಳಿಗೆ ಹತ್ತದಷ್ಟು ಒಣಗುವ ತನಕ ಕಾಯಬೇಕು. ಆಮೇಲೆ ಎರಡೂ ಒಮ್ಮೆ ಮುಟ್ಟಿದರೆ ಮುಗಿಯಿತು, ಎಳೆದು ಸರಿಪಡಿಸುವ ಮಾತೇ ಇಲ್ಲ. ಅವನು ಉಸಿರು ಬಿಗಿಹಿಡಿದು ಒಂದೊಂದೇ ಅಂಚು ಕೂರಿಸಿದ. ಮೂಲೆಗಳಲ್ಲಿ ಮಡಿಕೆ ಕಾಣದಂತೆ ಕತ್ತರಿಸಿ, ಜೋಡಣೆಯನ್ನು ತಳಕ್ಕೆ ತಂದ. ಕೆಲಸ ಮಾಡುವಷ್ಟು ಹೊತ್ತು ಅತ್ತಿಗೆಯ ಮುಖ ಕಣ್ಣ ಮುಂದೆ ಬರಲಿಲ್ಲ. ಅದಕ್ಕೇ ಇರಬೇಕು, ಇನ್ನೂ ನಿಧಾನವಾಗಿ ಮಾಡಿದ.

ಕೊನೆಗೆ ಉಳಿದದ್ದು ಸ್ಪೀಕರಿನ ಮುಂದೆ ಬರುವ ಬಟ್ಟೆಯ ಚೌಕಟ್ಟು. ಹಳೆಯ ಬಟ್ಟೆ ಒಳಗಿನ ಅಂಚಿಗೆ ಉಜ್ಜಿ ಉಜ್ಜಿ ಹರಿದಿತ್ತು. ಮರದ ಮೇಲೆ ಬರೀ ಬಟ್ಟೆ ಎಳೆಯಬಾರದು, ನಡುವೆ ಮೆತ್ತೆ ಇರಬೇಕು ಎಂದು ಅವನ ಮೇಸ್ತ್ರಿ ಮೊದಲ ವಾರವೇ ಕಲಿಸಿದ್ದ. ಅದು ಈಗ ಯೋಚಿಸಿ ಮಾಡುವ ಕೆಲಸವಾಗಿರಲಿಲ್ಲ. ಸೀಟಿಗೆ ಹಾಕುವ ದಟ್ಟ ಸ್ಪಂಜನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ ಹರಡಿ, ಅದರ ಮೇಲೆ ಬೂದು ಬಟ್ಟೆಯನ್ನು ಬಿಗಿದು ಪಿನ್ನು ಹೊಡೆದ. ಒಂದು ಸುಕ್ಕೂ ಇರಲಿಲ್ಲ. ಕೈಯಾಡಿಸಿದರೆ ಹೊಸ ಕುರ್ಚಿಯ ಬೆನ್ನಿನ ಹಾಗಿತ್ತು.

ಅಣ್ಣನ ಮನೆಯ ನಡುಕೋಣೆಯಲ್ಲಿ ಪೆಟ್ಟಿಗೆ ಇಳಿಸಿದಾಗ ಅಣ್ಣ ಅದರ ಸುತ್ತ ಒಂದು ಸುತ್ತು ಬಂದ. "ಅಯ್ಯೋ ಪಾಪಿ, ಮದುಮಗನ ಥರ ಮಾಡಿದ್ದೀಯಲ್ಲೋ! ನನ್ನ ಮದುವೇಲೂ ನಾನು ಹೀಗಿರಲಿಲ್ಲ." ಅಡಿಗೆಮನೆಯಿಂದ ಅತ್ತಿಗೆ ಇಣುಕಿ ನೋಡಿದಳು. ಮೈದುನನ ಮುಖ ನೋಡದೆ ಒಳಗೆ ಹೋದಳು.

ಅಣ್ಣ ವೈರು ಸಿಕ್ಕಿಸಿ, ಕುರ್ಚಿ ಎಳೆದುಕೊಂಡು, ಗಿಟಾರನ್ನು ತೊಡೆಯ ಮೇಲಿಟ್ಟು ಮೀಟಿದ.

ಕೆಳಗಿನ ಸ್ವರಗಳು ದಪ್ಪಗೆ, ದುಂಡಗೆ ಬಂದವು. ಮೇಲಿನವು ಮಾತ್ರ ಯಾರೋ ಕಂಬಳಿ ಹೊದ್ದು ಒಳಗಿಂದ ಮಾತಾಡಿದಂತಿದ್ದವು. ಅಣ್ಣ ನಿಲ್ಲಿಸಿ ಒಂದು ಗುಂಡಿ ತಿರುಗಿಸಿದ. ಮತ್ತೆ ಮೀಟಿದ. ಇನ್ನೊಂದನ್ನು ಕೊನೆಯ ತನಕ ತಿರುಗಿಸಿದ. ಕುರ್ಚಿ ಬಿಟ್ಟು ನೆಲದ ಮೇಲೆ ಮಂಡಿಯೂರಿ, ಒಳ್ಳೆಯ ಕಿವಿಯನ್ನು ಬೂದು ಬಟ್ಟೆಗೆ ಹತ್ತಿರ ಹಿಡಿದು, ತೆಳ್ಳನೆಯ ತಂತಿಯೊಂದನ್ನೇ ಮತ್ತೆ ಮತ್ತೆ ಎಳೆದ.

"ನಿಂಗೆ ಹೇಗೆ ಕೇಳಿಸ್ತಿದೆ?" ತಲೆ ಎತ್ತದೆ ಕೇಳಿದ.

ಹೊಸ ಸೀಟಿನ ಮೇಲೆ ಕೂತ ಗಿರಾಕಿ, ಯಾಕೋ ಗಟ್ಟಿ ಅನ್ನಿಸುತ್ತೆ ಅಲ್ವಾ ಎಂದಾಗ ನಾಲಿಗೆಗೆ ತಾನಾಗಿ ಬರುವ ಮಾತೊಂದಿರುತ್ತದೆ. ಅದೇ ಬಂತು. "ಮೊದಲಿನ ಹಾಗೇ ಇದೆಯಲ್ಲ ಅಣ್ಣ. ಚೆನ್ನಾಗಿದೆ."

"ಈ ಮೇಲಿನ ತಂತಿ? ಚುರುಕಾಗಿ ಬರ್ತಿದೆಯಾ?"

"ಬರ್ತಿದೆ."

ಅಣ್ಣ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಅನುಮಾನದ ನೋಟವಲ್ಲ ಅದು. ತಮ್ಮನ ಮಾತನ್ನು ಪೂರ್ತಿ ನಂಬಿದ ನೋಟ. ಆಮೇಲೆ ಗುಂಡಿಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಿರುಗಿಸಿ ಆರಿಸಿದ. "ಹಾಗಾದ್ರೆ ನಂದೇ ಮುಗೀತು ಬಿಡು" ಎಂದ. ದನಿ ಸಹಜವಾಗಿಯೇ ಇತ್ತು. ಗಿಟಾರನ್ನು ಗೋಡೆಗೆ ಒರಗಿಸಿ ಹಿತ್ತಲ ಬಾಗಿಲು ತೆರೆದು ಹೊರಗೆ ಹೋದ.

ತಮ್ಮ ಕೋಣೆಯಲ್ಲಿ ಒಬ್ಬನೇ ಉಳಿದ. ಬೂದು ಬಟ್ಟೆಯ ಮೇಲೆ ಹೆಬ್ಬೆರಳು ಒತ್ತಿದ. ಅದು ಒಳಗೆ ಮೆತ್ತಗೆ ಕುಸಿದು, ಬಿಟ್ಟೊಡನೆ ಮೇಲೆದ್ದಿತು. ಆಗ ತಿಳಿಯಿತು. ಜೇಬಿನಿಂದ ತಿರುಪುಳಿ ತೆಗೆದು ಚೌಕಟ್ಟು ಬಿಚ್ಚಿದ. ಪೆಟ್ಟಿಗೆಯನ್ನು ಹಚ್ಚಿ, ಗುಂಡಿಗಳನ್ನು ಮತ್ತೆ ಮುಂದಕ್ಕೆ ತಿರುಗಿಸಿ, ಗೋಡೆಗೆ ಒರಗಿದ್ದ ಗಿಟಾರಿನ ತೆಳ್ಳನೆಯ ತಂತಿಯನ್ನು ಉಗುರಿನಿಂದ ಒಮ್ಮೆ ಎಳೆದ. ಕಲ್ಲಿನ ಮೇಲೆ ಉಕ್ಕಿನ ಲೋಟ ಬಿದ್ದಂತೆ ಸ್ವರ ಇಡೀ ಕೋಣೆಯನ್ನು ಸೀಳಿತು. ಬೆಚ್ಚಿ ಆರಿಸಿಬಿಟ್ಟ.

ಅತ್ತಿಗೆ ಬಾಗಿಲಲ್ಲಿದ್ದಳು. ಒದ್ದೆ ಕೈ.

"ಈಗ ಬೇರೆ ಥರ ಕೇಳಿಸ್ತಲ್ಲ" ಎಂದಳು.

"ಹೌದು ಅತ್ತಿಗೆ. ಬಟ್ಟೆ ಹಿಂದೆ ಮೆತ್ತೆ ಹಾಕಿದ್ದೆ. ನನ್ನ ಬುದ್ಧಿಗೆ ಹೊಳೀಲಿಲ್ಲ, ಅದೇ ತಡೀತಿತ್ತು. ಕಿತ್ತು ಎಸೆದ್ರೆ ಸರಿಹೋಗುತ್ತೆ. ಕರೀರಿ ಅಣ್ಣನ್ನ."

ಅವಳು ಕರೆಯಲಿಲ್ಲ. ಹಿತ್ತಲ ಕಡೆ ತಿರುಗಿ ನೋಡಿದಳು. ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಅಣ್ಣನ ಬೆನ್ನು ಕಾಣುತ್ತಿತ್ತು. ತಂತಿಯ ಸದ್ದು ಅಲ್ಲಿಯ ತನಕ ಹೋಗಿರಲಿಲ್ಲ, ಇಲ್ಲವೇ ಹೋಗಿಯೂ ಅವನಿಗೆ ಮುಟ್ಟಿರಲಿಲ್ಲ.

"ಡಾಕ್ಟರ ಹತ್ರ ಹೋಗೋಣ ಅಂದ್ರು" ಎಂದಳು ಮೆಲ್ಲಗೆ. "ಈಗಷ್ಟೇ, ಹಿತ್ತಲಲ್ಲಿ ನಿಂತ್ಕೊಂಡು. ಕಿವಿಗೆ ಹಾಕೋ ಯಂತ್ರ ಹಾಕ್ಕೋತೀನಿ ಅಂದ್ರು. ಎಷ್ಟು ಸಲ ಕಾಲು ಹಿಡ್ಕೊಂಡಿದ್ದೆ ನಾನು."

ಅವಳು ಬಗ್ಗಿ, ನೆಲದ ಮೇಲೆ ಬಿದ್ದಿದ್ದ ತಿರುಪುಗಳನ್ನು ಆರಿಸಿ, ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದಳು. ತೆಗೆದುಕೊಂಡಾಗ ಅವು ಅವಳ ಕೈಯ ನೀರಿನಿಂದ ಒದ್ದೆಯಾಗಿದ್ದವು. ಅವನು ಚೌಕಟ್ಟನ್ನು ಮೆತ್ತೆಯ ಸಮೇತ ಮೊದಲಿನಂತೆಯೇ ಕೂರಿಸಿ, ಒಂದೊಂದಾಗಿ ಬಿಗಿದ.

ಭಾನುವಾರ ಅಣ್ಣ ಮದುವೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬಂದ. ಗಿಟಾರು ಮದುಮಗಳಿಗೆ ಉಡುಗೊರೆಯಾಯಿತು. ಕಿವಿಯ ಯಂತ್ರ ಬಂತು. ಅದನ್ನು ಹಾಕಿಕೊಂಡರೆ ಬಾಗಿಲು ತಟ್ಟುವುದು, ಈರುಳ್ಳಿ ಹೆಚ್ಚುವುದು, ಪಕ್ಕದ ಮನೆಯ ಜಗಳ ಎಲ್ಲ ಕೇಳುತ್ತದೆ ಎಂದು ಅಣ್ಣ ಹೇಳುತ್ತಿದ್ದ. ಹಾಡು ಮಾತ್ರ ತಗಡು ಕೆರೆದಂತೆ. ಉಳಿದಿದ್ದ ಅರ್ಧ ಕಿವಿ ಉಳಿಯಿತು. ಅತ್ತಿಗೆ ಆಡಿದ್ದಕ್ಕೆಲ್ಲ ಈಗ ಉತ್ತರ ಸಿಗುತ್ತಿತ್ತು, ಒಂದೊಂದೇ ಪದದ ಉತ್ತರ. ತಮಾಷೆ ನಿಂತುಹೋಗಿತ್ತು. "ಕಿವಿ ಉಳೀತು" ಎಂದು ಅತ್ತಿಗೆ ಒಮ್ಮೆ ಮೈದುನನೆದುರು ಶುರು ಮಾಡಿ, ಮುಂದೆ ಏನೂ ಹೇಳದೆ ಕಾಫಿ ತರಲು ಎದ್ದಿದ್ದಳು.

ಅವನು ಎಷ್ಟೋ ಸಲ "ಅಣ್ಣ" ಎಂದು ಬಾಯಿ ತೆರೆದದ್ದುಂಟು. "ಏನು?" ಎಂದು ಅಣ್ಣ ತಕ್ಷಣ ತಿರುಗುತ್ತಿದ್ದ, ಈಗ ಕೂಗಬೇಕಾಗಿಯೂ ಇರಲಿಲ್ಲ. "ಏನಿಲ್ಲ" ಎನ್ನುತ್ತಿದ್ದ ತಮ್ಮ.

ಮನೆಗೆ ಯಾರಾದರೂ ಬಂದರೆ ಅಣ್ಣ ಕಿಟಕಿಯ ಕೆಳಗಿನ ಪೆಟ್ಟಿಗೆಯನ್ನು ತೋರಿಸುತ್ತಾನೆ. ಅಂಗೈಯಿಂದ ಅದರ ಮೂಲೆ ಸವರುತ್ತಾನೆ. "ನನ್ನ ತಮ್ಮ ಮಾಡಿದ್ದು. ಜೋಡಣೆ ಎಲ್ಲಿದೆ ಹುಡುಕಿ ನೋಡೋಣ" ಎನ್ನುತ್ತಾನೆ. ಬಂದವರು ಬಗ್ಗಿ ಹುಡುಕುತ್ತಾರೆ. ತಮ್ಮ ಅಲ್ಲಿದ್ದರೆ ನೆಲ ನೋಡುತ್ತಾನೆ, ನಾಚಿಕೆ ಸ್ವಭಾವ ಎಂದು ಎಲ್ಲರೂ ನಗುತ್ತಾರೆ.

ಅವತ್ತು ಕೆಟ್ಟದ್ದು ನಿನ್ನ ಕಿವಿಯಲ್ಲ, ನನ್ನ ಕೆಲಸ ಎಂದು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.