ಹಳದಿ ಗೀಟು, ಕೆಂಪು ಗೀಟು

ಆ ಕಾರು ರಿಪೇರಿ ಶೆಡ್ಡಿನಲ್ಲಿ ಎರಡು ಸ್ಟೂಲುಗಳಿದ್ದವು. ಒಂದರ ಮೇಲೆ ಮೇಸ್ತ್ರಿ ಕೂರುತ್ತಿದ್ದ. ಇನ್ನೊಂದರ ಮೇಲೆ ಹನ್ನೊಂದು ತಿಂಗಳಿಂದ ಹಳೇ ಏರ್ ಫಿಲ್ಟರುಗಳು ಕೂತಿದ್ದವು. ಬರುವವರು ಕಾರು ನಿಲ್ಲಿಸಿ, ಕೀ ಕೊಟ್ಟು, "ಸಂಜೆ ಬರ್ತೀನಿ" ಎಂದು ಹೋಗಿಬಿಡುತ್ತಿದ್ದರು. ಮೇಸ್ತ್ರಿಯ ಬಾಯಿಗೆ ಹೆದರಿ ನಿಲ್ಲುತ್ತಿರಲಿಲ್ಲ ಎಂದರೂ ಸರಿಯೇ. ಹಾಗಾಗಿ ಅವತ್ತು ಬೆಳಗ್ಗೆ ಬಂದ ನರ್ಸಮ್ಮ, "ನಾನು ಇಲ್ಲೇ ಕೂತಿರ್ತೀನಿ, ನೀವು ಕೆಲಸ ಮಾಡಿ" ಎಂದಾಗ ಅವನಿಗೆ ಒಂದು ಕ್ಷಣ ಏನು ಮಾಡಬೇಕೋ ತೋಚಲಿಲ್ಲ. ಫಿಲ್ಟರುಗಳನ್ನು ಎತ್ತಿ ಮೂಲೆಗೆ ಎಸೆದ. ಸ್ಟೂಲನ್ನು ಎರಡು ಸಲ ಒರೆಸಿದ.

ನರ್ಸಮ್ಮ ಹತ್ತು ದಿನದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಬಿಳಿ ಕಾರು ಕೊಂಡಿದ್ದಳು. ಹಿಂದಿನ ಮಾಲೀಕ ಅದಕ್ಕೆ ಅಗಲವಾದ ಮಿರಿಮಿರಿ ಅಲಾಯ್ ಚಕ್ರ ಹಾಕಿಸಿದ್ದ. ತಿರುವಿನಲ್ಲಿ ಅವು ಮಡ್‌ಗಾರ್ಡಿಗೆ ಉಜ್ಜುತ್ತಿದ್ದವು, ವೇಗ ಹೆಚ್ಚಿಸಿದರೆ ಸ್ಟಿಯರಿಂಗ್ ನಡುಗುತ್ತಿತ್ತು. ಕಾರಿನ ಮೂಲ ಚಕ್ರಗಳನ್ನು ಮಾರಿದವನೇ ಡಿಕ್ಕಿ ಮತ್ತು ಹಿಂದಿನ ಸೀಟಿನಲ್ಲಿ ತುಂಬಿ ಕೊಟ್ಟಿದ್ದ. ಅವನ್ನೇ ಮತ್ತೆ ಹಾಕಿಸಲು ಅವಳು ಬಂದಿದ್ದಳು.

"ಇದನ್ನ ಆರಿಸಿದ್ದು ಯಾರು?" ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಬಂದು ಕೇಳಿದ.

"ನಾನೇ."

"ಏನು ನೋಡಿ ಆರಿಸಿದ್ರಿ?"

"ಬಣ್ಣ ಚೆನ್ನಾಗಿತ್ತು. ಮೀಟರ್ ಮೂವತ್ತು ಸಾವಿರ ತೋರಿಸ್ತಿತ್ತು."

"ಮೀಟರ್ ಮೂವತ್ತು ಅನ್ನುತ್ತೆ. ಬ್ರೇಕ್ ಪೆಡಲಿನ ರಬ್ಬರ್ ನೋಡಿ, ಸವೆದು ನುಣ್ಣಗಾಗಿದೆ. ಅದು ತೊಂಬತ್ತು ಅನ್ನುತ್ತೆ. ನೋಡೋಕೆ ಹೋದಾಗ ಎಂಜಿನ್ ತಣ್ಣಗಿತ್ತೋ ಬಿಸಿ ಇತ್ತೋ?"

"ನನಗೋಸ್ಕರ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ರು ಪಾಪ."

"ಪಾಪ ಅಲ್ಲ, ಅದು ಮುಚ್ಚಿಡೋ ಉಪಾಯ. ತಣ್ಣಗಿರೋ ಎಂಜಿನ್ನೇ ನಿಜ ಹೇಳೋದು. ರೋಗಿ ಮಾತ್ರೆ ನುಂಗಿ ಬಂದ್ರೆ ನಿಮಗೆ ಜ್ವರ ಸಿಗುತ್ತಾ?"

ನರ್ಸಮ್ಮ ನಕ್ಕಳು. ಶೆಡ್ಡಿನಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು. ಮೇಸ್ತ್ರಿ ಜಾಕ್ ಹಚ್ಚಿದ.

"ಮಧ್ಯಾಹ್ನದೊಳಗೆ ಆಗುತ್ತಾ? ಅಮ್ಮನ್ನ ಕರ್ಕೊಂಡು ಬೆಟ್ಟ ಇಳೀಬೇಕು, ದೊಡ್ಡಮ್ಮನ ಮನೆಗೆ. ನಮ್ಮಮ್ಮ ಹೊರಡೋಕೇ ಒಂದು ಗಂಟೆ ಬೇಕು. ಆಮೇಲೆ ಊರಾಚೆ ಪಂಪಿನಲ್ಲಿ ಪೆಟ್ರೋಲು, ಗಾಳಿ ಹಾಕಿಸ್ಕೊಂಡು ಹೋಗ್ತೀನಿ."

"ಆಗುತ್ತೆ. ಕೂತ್ಕೊಳ್ಳಿ."

ಪಂಪು ಎಂದಾಗ ಅವನ ಕೈ ಅರೆಗಳಿಗೆ ನಿಂತಿತ್ತು. ಅವಳಿಗೆ ಅದು ಗೊತ್ತಾಗಲಿಲ್ಲ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಚಕ್ರದ ನಟ್‌ಗಳನ್ನು ಕೊನೆಗೆ ಬಿಗಿ ಮಾಡುವುದು ಟಾರ್ಕ್ ರೆಂಚಿನಿಂದ. ಅದರ ಹಿಡಿಯಲ್ಲಿ ಎಷ್ಟು ಬಿಗಿ ಬೇಕೋ ಆ ಅಂಕಿ ಇಟ್ಟುಕೊಂಡರೆ, ಅಷ್ಟು ಆದ ತಕ್ಷಣ ಟಕ್ ಎನ್ನುತ್ತದೆ. ಬಿಗಿ ಮಾಡುವವನು ಮೊದಲು ಅಂಕಿಯನ್ನು ಗಟ್ಟಿಯಾಗಿ ಓದಬೇಕು. "ನೂರ ಹತ್ತು." ಪಕ್ಕದಲ್ಲಿದ್ದವನು ಅಂಕಿಯನ್ನು ಕಣ್ಣಲ್ಲಿ ನೋಡಿ ತಿರುಗಿ ಹೇಳಬೇಕು. "ನೂರ ಹತ್ತು." ಬಿಗಿ ಮಾಡಿದವನು ಪ್ರತಿ ನಟ್ಟಿನ ಮೇಲೆ ಒಂದು ಹಳದಿ ಗೀಟು ಎಳೆಯುತ್ತಾನೆ. ಆಮೇಲೆ ಇನ್ನೊಬ್ಬ ಅದೇ ರೆಂಚ್ ಹಿಡಿದು ಒಂದೊಂದನ್ನೂ ಪರೀಕ್ಷಿಸಿ, ಸರಿ ಇದ್ದರೆ ಕೆಂಪು ಗೀಟು ಎಳೆಯುತ್ತಾನೆ. ನಟ್ ಇನ್ನೂ ತಿರುಗಿದರೆ, ಬಿಗಿ ಮಾಡಿ, ಗೀಟಿನ ಬದಲು ಕೆಂಪು ಚುಕ್ಕೆ ಇಡುತ್ತಾನೆ. ತಾನು ಮಾಡಿದ ಕೆಲಸವನ್ನು ತಾನೇ ನೋಡಬಾರದು. ಈ ನಿಯಮ ಮಾಡಿದವನು ಮೇಸ್ತ್ರಿಯೇ.

ಕೆಂಪು ಗೀಟಿನವನು ಅವನ ಹೆಂಡತಿಯ ತಮ್ಮ. ಯಾವ ಕೆಲಸ ಹೇಳಿದರೂ "ಸಾವಕಾಶ ಭಾವ, ಸಾವಕಾಶ" ಎನ್ನುತ್ತಿದ್ದರಿಂದ ಅವನ ಹೆಸರೇ ಸಾವಕಾಶ ಎಂದಾಗಿತ್ತು. ಹತ್ತೊಂಬತ್ತು ವರ್ಷ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು. ಕೆಂಪು ಬಣ್ಣವೆಂದರೆ ಅಕ್ಕನ ಉಗುರು ಬಣ್ಣದ ಶೀಶೆ. ಮೊದಲ ಶೀಶೆಯನ್ನು ಸಾವಕಾಶ ಅವಳ ಕನ್ನಡಿಯ ಹಿಂದಿನಿಂದ ಕದ್ದು ತಂದಿದ್ದ. ಬೈದಳು, ಆಮೇಲೆ ತಾನೇ ತಂದುಕೊಡತೊಡಗಿದಳು.

ಹನ್ನೊಂದು ತಿಂಗಳ ಹಿಂದೆ ಒಂದು ಟ್ಯಾಕ್ಸಿಯ ಚಕ್ರಕ್ಕೆ ಸಾವಕಾಶ ನಾಲ್ಕು ಚುಕ್ಕೆ ಇಟ್ಟ. ಇಟ್ಟು ಸುಮ್ಮನಿರಲಿಲ್ಲ. "ಭಾವ, ಇದರಲ್ಲಿ ನಾಲ್ಕೂ ಸಡಿಲ ಇದಾವೆ" ಎಂದ. ಟ್ಯಾಕ್ಸಿಯವನು ಪಕ್ಕದಲ್ಲೇ ನಿಂತಿದ್ದ. "ಏನು ಮೇಸ್ತ್ರಿ, ವಯಸ್ಸಾಯ್ತಾ?" ಎಂದು ಹಲ್ಲು ಕಿರಿದ. ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. ಸಡಿಲ ಇರಲೇ ಇಲ್ಲ, ನೀನೇ ಸುಳ್ಳು ಹೇಳುತ್ತಿದ್ದೀಯ, ಕೆಲಸ ಕಲಿಸಿದವನಿಗೇ ಪಾಠ ಹೇಳುತ್ತೀಯಾ, ನಡಿ ಆಚೆ ಎಂದ. ಇನ್ನೂ ಏನೇನೋ ಅಂದ. ಸಾವಕಾಶ ಕೈ ಒರೆಸಿಕೊಂಡ. ಬಟ್ಟೆಯನ್ನು ಮಡಚಿ ಬೆಂಚಿನ ಮೇಲಿಟ್ಟ. ಉಗುರು ಬಣ್ಣದ ಶೀಶೆಯನ್ನು ಅಂಗಿ ಜೇಬಿಗೆ ಹಾಕಿಕೊಂಡು ಹೋದ. ವಾರದೊಳಗೆ ಊರಾಚೆ ಪೆಟ್ರೋಲ್ ಪಂಪಿನ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕುತ್ತಿದ್ದಾನೆ ಎಂದು ಸುದ್ದಿ ಬಂತು.

ನಾಲ್ಕೂ ಸಡಿಲ ಇದ್ದವು. ಮೇಸ್ತ್ರಿಗೆ ಅದು ಆವತ್ತೇ ಗೊತ್ತಿತ್ತು.

ಹೆಂಡತಿ ಮಗಳ ಬಾಣಂತನಕ್ಕೆಂದು ಹೋದವಳು ಮಗು ತೆವಳುವಂತಾದರೂ ಬಂದಿರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಮಗುವಿನ ವಿಷಯವನ್ನೆಲ್ಲ ಹೇಳಿ, ಕೊನೆಗೆ, "ನನ್ನ ತಮ್ಮನ ಹತ್ರ ಮಾತಾಡಿದ್ರಾ?" ಎನ್ನುತ್ತಿದ್ದಳು. "ಮೊದಲು ಅವನು ಮಾಡ್ಲಿ" ಎನ್ನುತ್ತಿದ್ದ ಇವನು. "ಸರಿ, ಊಟ ಮಾಡಿ ಮಲಗಿ" ಎಂದು ಅವಳು ಇಟ್ಟುಬಿಡುತ್ತಿದ್ದಳು. ಶೆಡ್ಡಿನ ಹಿಂದೆ ಮೇಸ್ತ್ರಿಯ ಸ್ವಂತ ಪಿಕಪ್ ಗೇರ್‌ಬಾಕ್ಸ್ ಇಳಿಸಿಕೊಂಡು ನಿಂತಿತ್ತು. ಮತ್ತೆ ಏರಿಸಲು ಇಬ್ಬರು ಬೇಕು. ಅದು ಹನ್ನೊಂದು ತಿಂಗಳಿಂದ ಹಾಗೇ ನಿಂತಿತ್ತು.

ಪದ್ಧತಿಯನ್ನು ಮಾತ್ರ ಅವನು ಬಿಟ್ಟಿರಲಿಲ್ಲ. ಅಂಗಡಿಯಿಂದ ಹೊಸದೊಂದು ಉಗುರು ಬಣ್ಣ ತಂದುಕೊಂಡ. ತಾನೇ ಬಿಗಿ ಮಾಡಿ ಹಳದಿ ಎಳೆದ, ತಾನೇ ಪರೀಕ್ಷಿಸಿ ಕೆಂಪು ಎಳೆದ. ಕೆಲವು ತಿಂಗಳಾದ ಮೇಲೆ ಪರೀಕ್ಷೆ ನಿಂತಿತು, ಕೆಂಪು ಮಾತ್ರ ಉಳಿಯಿತು. ತಿರುಗಿ ಹೇಳುವವರು ಇಲ್ಲದ ಮೇಲೆ ಅಂಕಿ ಓದುವುದೂ ನಿಂತಿತ್ತು. ಖಾಲಿ ಶೆಡ್ಡಿನಲ್ಲಿ ಒಬ್ಬನೇ "ನೂರ ಹತ್ತು" ಎನ್ನಲು ಅವನಿಗೆ ನಾಚಿಕೆಯಾಗುತ್ತಿತ್ತು.

ಅವತ್ತು ನರ್ಸಮ್ಮ ಕೂತಿದ್ದಳು, ಮೇಸ್ತ್ರಿ ಮಾತಾಡಿದ. ಹನ್ನೊಂದು ತಿಂಗಳು ಕಟ್ಟಿಟ್ಟಿದ್ದು ಒಮ್ಮೆಗೇ ಹರಿಯಿತು. ಅಗಲ ಚಕ್ರ ಕಣ್ಣಿಗೆ ಚೆಂದ, ಬೇರಿಂಗಿಗೆ ಶನಿ ಎಂದ. ಟೈರ್ ಎರಡೂ ಅಂಚಿನಲ್ಲಿ ಸವೆದರೆ ಗಾಳಿ ಕಡಿಮೆ, ನಡುವೆ ಸವೆದರೆ ಗಾಳಿ ಜಾಸ್ತಿ, ಒಂದೇ ಬದಿ ಸವೆದರೆ ಚಕ್ರ ವಾರೆ ಎಂದ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಹೋಗಬೇಡಿ, ಚಿಕ್ಕ ಗೇರಿಗೆ ಹಾಕಿ, ಎಂಜಿನ್ನೇ ತಡೆಯುತ್ತದೆ ಎಂದ.

"ಇನ್ನೊಂದು ವಿಷಯ. ಓಡಿಸೋವಾಗ ಫೋನ್ ಮುಟ್ಟಬೇಡಿ. ಶಬ್ದ ಬಂದ್ ಮಾಡಿ ಬ್ಯಾಗಿಗೆ ಹಾಕಿ."

"ಆಯ್ತಪ್ಪ, ಡಾಕ್ಟರೂ ಇಷ್ಟು ಹೇಳಲ್ಲ" ಎಂದು ಅವಳು ಅಲ್ಲೇ ಫೋನಿನ ಶಬ್ದ ನಿಲ್ಲಿಸಿದಳು.

ಮಾತಾಡುತ್ತಲೇ ಹದಿನಾರು ನಟ್ ಕೂರಿಸಿದ, ಕಾರನ್ನು ನೆಲಕ್ಕಿಳಿಸಿದ, ರೆಂಚ್ ಹಾಕಿದ. ಮುಟ್ಟಿದ ಕೂಡಲೇ ಟಕ್ ಎಂದಿತು. ಹದಿನಾರು ಸಲ ಟಕ್. ಹಳದಿ ಎಳೆದ, ಅದರ ಬೆನ್ನಿಗೇ ಕೆಂಪು ಎಳೆದ. ನರ್ಸಮ್ಮ ಹೊರಟಾಗ ರಸ್ತೆಯ ತನಕ ಹೋಗಿ ಓಡಾಡುವ ಗಾಡಿಗಳನ್ನು ತಡೆದು ದಾರಿ ಮಾಡಿಕೊಟ್ಟ. ಹಾಗೆ ಅವನು ಯಾರಿಗೂ ಮಾಡಿದವನಲ್ಲ.

ಊಟ ಮಾಡಿ ಬಂದು ಸಾಮಾನು ಎತ್ತಿಡುವಾಗ ರೆಂಚ್ ಕೈಗೆ ಬಂತು. ಗೋಡೆಗೆ ನೇತುಹಾಕುವ ಮುಂಚೆ ಅಂಕಿಯನ್ನು ಸೊನ್ನೆಗೆ ತರಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಕೆಡುತ್ತದೆ. ತಿರುಗಿಸಲು ಹೋಗಿ ನೋಡಿದ. ಇಪ್ಪತ್ತೈದು.

ಬೆಳಗ್ಗೆ ಬೇರೊಂದು ಕಾರಿಗೆ ಸ್ಪಾರ್ಕ್ ಪ್ಲಗ್ ಹಾಕಿದ್ದ. ಅದರ ಅಂಕಿ ಇಪ್ಪತ್ತೈದು. ಆಮೇಲೆ ಬದಲಿಸಿರಲಿಲ್ಲ.

ಸ್ಟೂಲಿನ ಮೇಲೆ ಕೂತ, ತಕ್ಷಣ ಎದ್ದ. ನರ್ಸಮ್ಮ ಬಿಲ್ಲಿನಲ್ಲಿ ಬರೆಸಿದ್ದ ನಂಬರಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ, ಮತ್ತೆ. ಫೋನ್ ಅವನು ಹೇಳಿದಂತೆಯೇ ಬ್ಯಾಗಿನಲ್ಲಿತ್ತು. ಅವಳ ಮನೆ ಎಲ್ಲಿ ಎಂದು ಕೇಳಿರಲಿಲ್ಲ. ಎರಡು ಗಂಟೆ ಮಾತಾಡಿದ್ದ, ಅವಳ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಅಟ್ಟಿಸಿಕೊಂಡು ಹೋಗೋಣವೆಂದರೆ ಪಿಕಪ್ಪಿಗೆ ಗೇರ್‌ಬಾಕ್ಸೇ ಇಲ್ಲ.

ಉಳಿದದ್ದು ಪಂಪು. ಸಾವಕಾಶನ ನಂಬರು ಫೋನಿನಲ್ಲಿ ಹಾಗೇ ಇತ್ತು. ಹೆಬ್ಬೆರಳು ಅದರ ಮೇಲೆ ನಿಂತಿತು. ಬೆಟ್ಟದ ತಿರುವುಗಳು ಕಣ್ಣ ಮುಂದೆ ಬಂದವು. ಒತ್ತಿದ.

"ಯಾರು?"

"ನಾನು."

ಅತ್ತ ಗಾಳಿ ಯಂತ್ರದ ಸದ್ದು ನಿಂತಿತು. "ಹೇಳಿ ಭಾವ."

"ಒಂದು ಬಿಳಿ ಕಾರು ಬರುತ್ತೆ. ಓಡಿಸೋರು ಒಬ್ಬ ಹೆಂಗಸು, ಜೊತೇಲಿ ಅವರಮ್ಮ. ಬಂದಿತ್ತಾ?"

"ಇನ್ನೂ ಇಲ್ಲ."

"ಬಂದ್ರೆ ನಿಲ್ಸು. ಬೆಟ್ಟಕ್ಕೆ ಬಿಡಬೇಡ."

"ಯಾಕೆ?"

"ಯಾಕೆ ಅಂದ್ರೆ ಏನೋ, ಹೇಳಿದಷ್ಟು ಮಾಡೋಕಾಗಲ್ವಾ ನಿನಗೆ?" ಎಂದು ಕೂಗಿದ. ಕೂಗಿದ ಮೇಲೆ ಶೆಡ್ಡು ಇನ್ನಷ್ಟು ಖಾಲಿಯಾಯಿತು. ಸಾವಕಾಶ ಇಟ್ಟುಬಿಟ್ಟರೆ?

"ನಟ್ ಸಡಿಲ ಇದಾವೆ" ಎಂದ ಮೇಸ್ತ್ರಿ. ದನಿ ತನ್ನದಲ್ಲವೇನೋ ಎಂಬಂತೆ ಕೇಳಿತು. "ಹದಿನಾರೂ. ನಾನೇ ಮಾಡಿದ್ದು. ಅಂಕಿ ನೋಡ್ಲಿಲ್ಲ."

"ಎಷ್ಟಿತ್ತು?"

"ಇಪ್ಪತ್ತೈದು."

"ಹೂಂ" ಎಂದ ಸಾವಕಾಶ. "ರಸ್ತೇಲಿ ನಿಂತಿರ್ತೀನಿ" ಎಂದು ಇಟ್ಟ.

ಮುಕ್ಕಾಲು ಗಂಟೆ ಮೇಸ್ತ್ರಿ ಏನೂ ಮಾಡಲಿಲ್ಲ. ಒಂದು ಸಲ ಬಾಗಿಲ ತನಕ ಹೋಗಿ ರಸ್ತೆ ನೋಡಿ ಬಂದ. ಮೂಲೆಗೆ ಎಸೆದ ಫಿಲ್ಟರುಗಳನ್ನು ಆರಿಸಿ ಒಂದರ ಮೇಲೊಂದು ಜೋಡಿಸಿದ. ಅವಳು ಗಾಳಿ ಹಾಕಿಸದೆ ನೇರ ಹೋಗಿಬಿಟ್ಟಿದ್ದರೆ ಎಂದು ಯೋಚಿಸಿದಾಗ ಅವುಗಳನ್ನು ಒದ್ದು ಮತ್ತೆ ಚೆಲ್ಲಾಡಿದ.

ಫೋನ್ ಬಂತು.

"ಬಂದ್ರು. ಹದಿನಾರೂ ತಿರುಗಿದ್ವು. ಎಡಗಡೆ ಮುಂದಿನದರಲ್ಲಿ ಒಂದು ಬೆರಳಲ್ಲೇ ಬಂತು. ಎಲ್ಲಾ ಇಲ್ಲಿನ ಟಾರ್ಕ್ ರೆಂಚಲ್ಲಿ ನೂರ ಹತ್ತಕ್ಕೆ ತಂದಿದೀನಿ. ಈಗಷ್ಟೇ ಹೊರಟ್ರು."

"ಏನು ಹೇಳ್ದೆ ಅವರಿಗೆ?"

"ಚಕ್ರ ಬದಲಾಯಿಸಿದ ಮೇಲೆ ಸ್ವಲ್ಪ ದೂರ ಓಡಿಸಿ ಇನ್ನೊಬ್ಬರ ಕೈಲಿ ನೋಡಿಸ್ಬೇಕು, ಅದು ನಮ್ಮ ಪದ್ಧತಿ ಅಂದೆ."

ನಮ್ಮ ಎಂದನಲ್ಲ ಎಂದುಕೊಂಡ ಮೇಸ್ತ್ರಿ. ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೆ ಬಂತು. "ಸಾವಕಾಶ, ಆವತ್ತು ಟ್ಯಾಕ್ಸಿ..."

"ಗೊತ್ತು ಭಾವ. ಇಲ್ಲಿ ಗಾಳಿಗೆ ಸಾಲು ನಿಂತಿದೆ. ಇಡ್ತೀನಿ."

ಬಾ ಎನ್ನಲು ಆಗಲಿಲ್ಲ. ಇಟ್ಟ ಮೇಲೂ ಸ್ವಲ್ಪ ಹೊತ್ತು ಫೋನನ್ನು ಕಿವಿಗೇ ಹಿಡಿದುಕೊಂಡಿದ್ದ.

ನಾಲ್ಕು ದಿನದ ಮೇಲೆ ನರ್ಸಮ್ಮ ಬಿಟ್ಟುಹೋಗಿದ್ದ ಅಲಾಯ್ ಚಕ್ರಗಳನ್ನು ಒಯ್ಯಲು ಬಂದಳು. ಮೇಸ್ತ್ರಿ ನಮಸ್ಕಾರವನ್ನೂ ಹೇಳದೆ, "ಆವತ್ತು ನಿಮ್ಮ ಚಕ್ರ ನಾನು ಬಿಗಿ ಮಾಡಿರ್ಲಿಲ್ಲ. ತಪ್ಪು ನಂದು. ಪಂಪಿನವನು ಉಳಿಸಿದ" ಎಂದ. ಅವಳ ಮುಖ ಬಿಳಿಚಿತು. "ಅಮ್ಮನಿಗೆ ಹೇಳಲ್ಲ" ಎಂದಷ್ಟೇ ಅಂದಳು. ಸ್ಟೂಲಿನ ಮೇಲೆ ಕೂರಲಿಲ್ಲ. ಚಕ್ರಗಳನ್ನು ತುಂಬಿಸಿಕೊಂಡು ಹೋದಳು. ಮತ್ತೆ ಬರುತ್ತಾಳೆಂದು ಅವನಿಗೆ ಅನ್ನಿಸಲಿಲ್ಲ.

ಅವಳು ಹೋಗುವ ಮೊದಲು ಅವನು ಕಾರಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದ್ದ. ತಾನು ಎಳೆದ ಕೆಂಪು ಗೀಟುಗಳು ಒಂದೂ ಇರಲಿಲ್ಲ. ಸಾವಕಾಶ ಬ್ಲೇಡಿನಿಂದ ಹದಿನಾರನ್ನೂ ಕೆರೆದು ತೆಗೆದಿದ್ದ. ಹಳದಿಯನ್ನು ಮುಟ್ಟಿರಲಿಲ್ಲ. ಅದರ ಪಕ್ಕ ಹದಿನಾರು ಕೆಂಪು ಚುಕ್ಕೆ. ಮೇಸ್ತ್ರಿಯ ಹೊಸ ಶೀಶೆಯ ಕೆಂಪಲ್ಲ ಅದು, ಅಕ್ಕನ ಶೀಶೆಯ ಸ್ವಲ್ಪ ಕಂದಿದ ಕೆಂಪು.

ಅಂದಿನಿಂದ ಮೇಸ್ತ್ರಿ ಹಳದಿ ಮಾತ್ರ ಎಳೆದ. ಕೆಂಪು ಶೀಶೆಯನ್ನು ಕಸದ ಡಬ್ಬಕ್ಕೆ ಹಾಕಿದ. ಚಕ್ರ ಬಿಚ್ಚಿ ಹಾಕಿದ ಪ್ರತಿಯೊಬ್ಬರಿಗೂ, "ಇದು ಅರ್ಧ ಕೆಲಸ. ಊರಾಚೆ ಪಂಪಿನ ಪಕ್ಕ ಒಬ್ಬ ಇದಾನೆ, ಅವನಿಗೆ ತೋರಿಸಿ. ತೋರಿಸದೆ ಹೋದ್ರೆ ಮತ್ತೆ ನನ್ನ ಹತ್ರ ಬರಬೇಡಿ" ಎಂದು ಗದರಿ ಕಳಿಸತೊಡಗಿದ. ಕೆಲವರು ಇದೇನು ಹುಚ್ಚು ಎಂದು ಬೇರೆ ಕಡೆ ಹೋದರು.

ಭಾನುವಾರ ಹೆಂಡತಿ ಎಂದಿನಂತೆ ಕೇಳಿದಳು. "ಮಾತಾಡ್ದೆ" ಎಂದ. ಅವಳು ಫೋನ್ ಇಡಲಿಲ್ಲ. "ಅವನು ಬರ್ತಾನಂತಾ?"

"ಕೇಳ್ಲಿಲ್ಲ."

ಒಂದು ತಿಂಗಳಾದ ಮೇಲೆ ಅದೇ ಹಳೇ ಟ್ಯಾಕ್ಸಿ ಎಣ್ಣೆ ಬದಲಿಸಲು ಬಂತು. ಹಿಂದಿನ ವಾರ ಅದರ ಚಕ್ರಗಳನ್ನು ಮೇಸ್ತ್ರಿಯೇ ಅದಲುಬದಲು ಮಾಡಿದ್ದ. ಟ್ಯಾಕ್ಸಿಯವನು ಕೀ ಕೊಟ್ಟು ಹೊರಟ ಮೇಲೆ ಮೇಸ್ತ್ರಿ ಒಂದೊಂದು ಚಕ್ರದ ಮುಂದೆಯೂ ಕೂತು ನೋಡಿದ. ಹಳದಿ ಗೀಟು, ಕೆಂಪು ಗೀಟು. ಹಳದಿ ಗೀಟು, ಕೆಂಪು ಗೀಟು. ಬಲಗಡೆ ಹಿಂದಿನ ಚಕ್ರದ ಮೂರನೇ ನಟ್ಟಿನಲ್ಲಿ ಒಂದು ಚುಕ್ಕೆ.

"ಲೇ ಸುಳ್ಳ, ಸರಿಯಾಗೇ ಬಿಗಿ ಮಾಡಿದ್ದೆ ಕಣೋ" ಎಂದು ಗಟ್ಟಿಯಾಗಿ ಬೈದ. ತಗಡಿನ ಛಾವಣಿ ಅದನ್ನು ಅವನಿಗೇ ತಿರುಗಿಸಿ ಕೊಟ್ಟಿತು. ಬೆರಳಿನಿಂದ ಚುಕ್ಕೆಯನ್ನು ಸವರಿದ. ಗಟ್ಟಿಯಾಗಿ ಒಣಗಿತ್ತು.

ಪಕ್ಕದಲ್ಲಿ ಇನ್ನೊಂದು ಕಾರು ಚಕ್ರ ಹಾಕಿಸಿಕೊಂಡು ಬಿಗಿಗೆ ಕಾಯುತ್ತಿತ್ತು. ಗೋಡೆಯಿಂದ ರೆಂಚ್ ಇಳಿಸಿ ಅಂಕಿ ತಿರುಗಿಸಿದ. ಬೆಳಕಿಗೆ ಹಿಡಿದು ನೋಡಿದ.

"ನೂರ ಹತ್ತು" ಎಂದ.

ಯಾರಾದರೂ ತಿರುಗಿ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಂತ. ಸಾವಕಾಶನಿಗೆ ಎಲ್ಲರಿಗಿಂತ ತುಸು ಹೆಚ್ಚೇ ಹೊತ್ತು ಬೇಕಾಗುತ್ತಿತ್ತು. ಅದನ್ನೂ ಕಾದ. ಆಮೇಲೆ ಮೊದಲ ನಟ್ಟಿಗೆ ರೆಂಚ್ ಹಾಕಿದ.