ಗಾಯರಾಣದ ಸಾಕ್ಷಿ

"ಕುರಿ ಕಾಯ್ದು ಕಾಯ್ದು ನೀನೂ ಕುರೀನ ಆಗೀದಿ ನೋಡಲೇ, ಸೂಳೇಮಗನ! ಖರೆ ಅಂದ್ರೇನು, ಸುಳ್ಳಂದ್ರೇನು, ನಿನಗೇನು ತಿಳೀತದ?"

ಕಟ್ಟೆಯ ಮೇಲೆ ಕೂತು ಹೀಗೆ ಬೈದ ಕೃಷ್ಣಾಜಿ ಧಣಿ ಪೇಟೆಯ ಕಾಲೇಜಿನಲ್ಲಿ ನೀತಿಶಾಸ್ತ್ರ ಕಲಿಸಿ ರಿಟೈರಾದವರು. ಕಟ್ಟೆಯ ಕೆಳಗೆ ಸಿದರಾಯ ಕೈಕಟ್ಟಿ ನಿಂತಿದ್ದ. ಅವನ ಬೆನ್ನ ಹಿಂದೆ ಹೆಂಡತಿ ಯಲ್ಲಕ್ಕ ಒಳಗೊಳಗೇ ಕುದಿಯುತ್ತಿದ್ದಳು. ಬಡವನ ಕೋಪ ದವಡೆಗೆ ಮೂಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಿಪ್ಪರಗಿ ಕಡೆಯಿಂದ ಕಾಲುವೆ ನೀರು ಬಂದ ಮೇಲೆ ಧಣಿ ಊರ ಗೋಮಾಳವಾದ ಗಾಯರಾಣಕ್ಕೆ ಬೇಲಿ ಬಡಿದು ಕಬ್ಬು ನಾಟಿದ್ದರು. ಊರ ಕುರಿಗಳಿಗೆ ಇದ್ದ ಮೇವಿನ ಜಾಗ ಅದೊಂದೇ. ನಾಳೆ ಸರ್ವೇ ಸಾಹೇಬರು ಬಂದು ಕೇಳಿದರೆ, "ಇದು ಮೊದಲಿಂದಲೂ ಧಣ್ಯಾರ ಹೊಲ" ಎಂದು ಹಿರಿಯ ಕುರಿಗಾರನಾದ ಸಿದರಾಯ ಹೇಳಬೇಕಿತ್ತು.

"ಸುಳ್ಳು ಹೇಳಿದ್ರ ಬೀರಪ್ಪ ದ್ಯಾವ್ರು ಮೆಚ್ಚೂದಿಲ್ರಿ ಧಣ್ಯಾರ."

"ನಾಕ್ ಮಂದೀಗೆ ಛಲೋ ಆಗೋ ಸುಳ್ಳು ಸುಳ್ಳಲ್ಲೋ ಹುಚ್ಚಾ! ಫಲ ನೋಡಬೇಕು, ಫಲ. ಕಬ್ಬು ಬೆಳದ್ರ ಊರಿಗೆಲ್ಲ ಕೂಲಿ. ಕುರಿ ಮೇಯ್ದ್ರ ಏನದ? ಹಿಕ್ಕಿ!"

"ಆ ಹಿಕ್ಕೀ ಗೊಬ್ಬರದ ಸಲುವಾಗೇ ವರ್ಷಾ ನಿಮ್ಮ ಹೊಲದಾಗ ರಾತ್ರಿ ಕುರಿ ತರುಬಿ ಮಲಗಸಾಕ ಕರೀತೀರಲ್ರಿ?" ಯಲ್ಲಕ್ಕನ ಬಾಯಿ ತಡೆಯಲಿಲ್ಲ.

"ಮುಚ್ಚ ಬಾಯಿ! ಲೇ ಸಿದರಾಯಾ, ನಾಳೆ ನಾ ಹೇಳಿದಂಗ ಹೇಳಲಿಲ್ಲಂದ್ರ ಇನ್ ಮುಂದ ನನ್ನ ಬದುವಿನ ಮ್ಯಾಲೂ ನಿನ್ನ ಕುರಿ ಕಾಲಿಡಬಾರದು. ಏನಂತಿ?"

ಸಿದರಾಯ ಕೈ ಮುಗಿದ. "ಆತ್ರಿ. ಬೀರಪ್ಪನ ಆಣಿ, ನಿಮ್ಮ ವಿರುದ್ಧ ಒಂದ್ ಮಾತ ಆಡೂದಿಲ್ರಿ," ಎಂದುಬಿಟ್ಟ.

ಮನೆಗೆ ಬಂದವನು ರೊಟ್ಟಿಯ ತಾಟನ್ನು ಪಕ್ಕಕ್ಕೆ ಸರಿಸಿದ.

"ಕೊಟ್ಟ ಮಾತ ಮುರದ್ರ ಬಾಯಾಗ ಹುಳ ಬೀಳ್ತಾವ, ಯಲ್ಲಿ."

"ಸುಳ್ಳ ಹೇಳಿದ್ರ?"

"ಆಗೂ ಬೀಳ್ತಾವ."

"ಎರಡೂ ಕಡಿ ಹುಳಾನ ಅಂದ್ಮ್ಯಾಲ ಹೊಟ್ಟಿ ಯಾಕ ಸುಡತಿ? ಉಣ್ಣ ಬಾ."

ಬೈದಳೇ ಹೊರತು ಅವಳಿಗೆ ಗಂಡನ ಮೇಲೆ ಸಿಟ್ಟಿರಲಿಲ್ಲ. ಆಣೆಗೆ ಅಂಜುವ ಗಂಡಸು ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾನೆ!

ಬೆಳಗ್ಗೆ ಸಾಹೇಬರು ಬಂದರು. ಗಾಯರಾಣದ ನಡುವೆ, ಬೇವಿನ ನೆರಳಿನ ಹಾಸುಗಲ್ಲಿನ ಮೇಲೆ ಧಣಿ ಕಾಲು ಮಡಚಿ ಕೂತು ಅವರಿಗೆ ಚಹಾ ಕೊಟ್ಟು ತಾವೂ ಕುಡಿಯುತ್ತಿದ್ದರು. ಈ ಹೊಲ ಯಾರದೆಂದು ಸಾಹೇಬರು ಕೇಳಿದ್ದಕ್ಕೆ ಸಿದರಾಯ ನೆಲ ನೋಡಿದ.

"ಊರ ಗಾಯರಾಣ ರೀ ಸಾಹೇಬ್ರ, ಇದು," ಎಂದಳು ಯಲ್ಲಕ್ಕ.

ಧಣಿಯ ಚಹಾ ಚೆಲ್ಲಿತು. "ಏ! ನಿನ್ನ ಗಂಡ ಆಣಿ ಮಾಡ್ಯಾನ! ಕೊಟ್ಟ ಮಾತಂದ್ರ ಮಾತು. ಫಲ ಏನರೇ ಆಗಲಿ, ಮಾತಿಗೆ ತಪ್ಪಬಾರದು!"

"ಮಾತ ಕೊಟ್ಟಾಂವ ಅಂವ, ನಾ ಕೊಟ್ಟಿಲ್ರಿ. ನಿನ್ನಿ ಫಲ ನೋಡು ಅಂದ್ರಿ, ಇವತ್ತ ಮಾತ ನೋಡು ಅಂತೀರಿ. ನಮ್ಮ ಪಾಳಿ ಬಂದಾಗ ಯಾವ್ದು ನೋಡೂದ್ರಿ ಧಣ್ಯಾರ?"

ನೆರೆದ ಊರವರು ಕಿಸಕ್ಕೆಂದರು. ಸಾಹೇಬರೂ ನಗು ಬಂದದ್ದಕ್ಕೆ ಕೆಮ್ಮಿದರು. "ಬರೇ ಬಾಯಿಮಾತ ಆತಲ್ಲಬೇ. ಗುರುತು ಏನರೇ ಐತೇನು?"

ಯಲ್ಲಕ್ಕ ಸೆರಗು ಸಿಕ್ಕಿಸಿಕೊಂಡು ನಡೆದವಳೇ ಬೇಲಿಯ ಮುಳ್ಳುಕಂಟಿ ಎಳೆದು ಬಿಸಾಕಿದಳು. ಸಿದರಾಯ ಒಂದು ಮಾತೂ ಆಡಲಿಲ್ಲ. ತಲೆ ಎತ್ತಿ ಶಿಳ್ಳೆ ಹಾಕಿದ.

ಬೇಲಿಯ ಹೊರಗೆ ನಿಂತಿದ್ದ ಅವನ ಕುರಿಹಿಂಡು ನುಗ್ಗಿತು. ಎಳೆಗಬ್ಬಿಗೆ ಬಾಯಿ ಹಾಕದೆ, ಅದನ್ನು ತುಳಿದುಕೊಂಡು ನೆಟ್ಟಗೆ ಬೇವಿನ ಬುಡಕ್ಕೇ ಓಡಿತು. ಅಜ್ಜ ಮುತ್ತಜ್ಜರ ಕಾಲದಿಂದ ಕುರಿಗಾರರು ಉಪ್ಪು ಉದುರಿಸಿ ನೆಕ್ಕಿಸುತ್ತಿದ್ದ ಹಾಸುಗಲ್ಲು ಅದು. ನೆಕ್ಕಿ ನೆಕ್ಕಿ ನಡುವೆ ಗಂಗಾಳದಂತೆ ತಗ್ಗು ಬಿದ್ದಿತ್ತು. ಆ ತಗ್ಗಿನಲ್ಲೇ ಧಣಿ ಹದವಾಗಿ ಕೂತಿದ್ದರು.

ಕುರಿಗಳು ಸುತ್ತುವರಿದು ಕಲ್ಲಿನ ಅಂಚು ನೆಕ್ಕಿದವು. ಒಂದು ಟಗರು ಧಣಿಯ ಧೋತರವನ್ನೂ ನೆಕ್ಕಿತು.

"ಹೊಡೀರಿ ಹೊರಗ! ಹೊಡೀರಿ!"

ಯಾರೂ ಹೊಡೆಯಲಿಲ್ಲ. ಸಾಹೇಬರು ಬಗ್ಗಿ, ತಾವು ಕೇಳಿದ ಗುರುತು ಇದೇ ಎಂಬಂತೆ, ಕಲ್ಲಿನ ಮೇಲೆ ಕೈಯಾಡಿಸಿದರು. ಯಲ್ಲಕ್ಕ ಕುರಿಗಳನ್ನು ಸರಿಸುತ್ತ ಬಂದು, ಸೆರಗಿನ ಗಂಟು ಬಿಚ್ಚಿ, ಹಿಡಿ ಉಪ್ಪು ತೆಗೆದಳು.

"ಜರಾ ಕುಂಡಿ ಎತ್ರಿ ಧಣ್ಯಾರ. ಕುರೀಗೆ ಉಪ್ಪು ಹಾಕಬೇಕು."